ಜೇಬಿನಲ್ಲಿದ್ದ ಸೀಟಿ

ಮೂರನೆಯ ಸೀಟಿ ಮೊಳಗಿದಾಗ ಮೇಸ್ತ್ರಿಯ ಸೀಟಿ ಮೇಸ್ತ್ರಿಯ ಜೇಬಿನಲ್ಲೇ ಇತ್ತು. ಮುಟ್ಟಿ ನೋಡಿಕೊಂಡ. ಇದೆ. ಆದರೆ ಗುಡ್ಡದ ತುಂಬ ಹೆಂಗಸರು ಚಹಾ ಎಲೆಯ ಬುಟ್ಟಿಗಳನ್ನು ಬೆನ್ನಿಗೇರಿಸಿ ಆಗಲೇ ತೂಕದ ಮನೆಯತ್ತ ಇಳಿಯತೊಡಗಿದ್ದರು.

"ನಿಲ್ಲಿ, ನಿಲ್ಲಿ! ನಾನು ಊದಿಲ್ಲ!"

"ಊದಿದ ಸೀಟಿ ಊದಿದ್ದೇ, ಮೇಸ್ತ್ರಿ," ಎಂದಳು ಎಲ್ಲರಿಗಿಂತ ಮುಂದಿದ್ದ ಅಜ್ಜಿ, ತಿರುಗಿಯೂ ನೋಡದೆ.

ಆ ಊರಿಗಿದ್ದ ಕಾನೂನು ಅದೊಂದೇ. ಚಹಾ ಗಿಡಗಳ ನಡುವೆ ಎರಡು ಸಾಲು ಮನೆ, ಒಂದು ಅಂಗಡಿ, ಒಂದು ತೂಕದ ಮನೆ; ಅಲ್ಲಿಗೆ ಊರು ಮುಗಿಯಿತು. ಗೋಡೆಗಳಲ್ಲಿ ಗಡಿಯಾರಗಳಿದ್ದವು. ಅವುಗಳನ್ನು ದೂರದ ನೆಂಟರಂತೆ ಕಾಣುತ್ತಿದ್ದರು: ಗೌರವ ಉಂಟು, ನಂಬಿಕೆ ಇಲ್ಲ. ಒಂದು ಸೀಟಿಗೆ ಕೆಲಸ, ಎರಡಕ್ಕೆ ಊಟ, ಮೂರಕ್ಕೆ ಮನೆ. ಮೂರು ಕೇಳಿಸಿತೆಂದರೆ ಮುದುಕರು ಒಲೆ ಹಚ್ಚುತ್ತಿದ್ದರು, ಅಂಗಡಿಯವಳು ಹಾಲು ಕಾಯಲು ಇಡುತ್ತಿದ್ದಳು, ತೊಟ್ಟಿಲಿನ ಮಕ್ಕಳು ಕೂಡ ಅಮ್ಮ ಬರುತ್ತಾಳೆಂದು ಅಳು ತೆಗೆಯುತ್ತಿದ್ದವು. ಇಷ್ಟೆಲ್ಲ ಒಮ್ಮೆ ಶುರುವಾದ ಮೇಲೆ ತಡೆಯುವ ಗಂಡಸು ಇನ್ನೂ ಹುಟ್ಟಿರಲಿಲ್ಲ.

ಈಗ ಕೆಲವು ವಾರಗಳಿಂದ ಯಾರೋ ಹೊತ್ತಿಗೆ ಮುಂಚೆಯೇ ಮೂರು ಸಲ ಊದುತ್ತಿದ್ದರು.

"ನೀನಿಲ್ಲಿ ಕತ್ತೆ ಕಾಯ್ತಿದ್ದೀಯಾ?" ತೂಕದ ಮನೆಯಲ್ಲಿ ಮ್ಯಾನೇಜರು ಎಲ್ಲರೆದುರಿಗೇ ಎಗರಿಬಿದ್ದರು. ಕೊನೆಯ ಬುಟ್ಟಿ ತೂಗುವವರೆಗೆ ಅವರು ಕುರ್ಚಿ ಬಿಟ್ಟು ಏಳುವಂತಿರಲಿಲ್ಲ, ತೋಟದ ಸಾಹುಕಾರರ ಕಟ್ಟಪ್ಪಣೆ. "ಶನಿವಾರ ಸಾಹುಕಾರರು ಬರ್ತಾರೆ, ಎಲೆ ಯಾಕೆ ಕಮ್ಮಿ ಅಂತ ಕೇಳ್ತಾರೆ. ಅಷ್ಟರಲ್ಲಿ ಕಳ್ಳ ಸಿಗದಿದ್ರೆ ನಿನ್ನ ಕೆಲಸಾನೂ ಹೋಯ್ತು, ಮನೇನೂ ಹೋಯ್ತು, ತಿಳೀತಾ?"

"ತಿಳೀತಾ" ಎನ್ನದೆ ಅವರ ಮಾತು ಮುಗಿದದ್ದೇ ಇಲ್ಲ. ಹೆಂಗಸರು ಅವರಿಗಿಟ್ಟ ಹೆಸರೂ ಅದೇ.

"ಆ ದೊಡ್ಡ ಮರದ ಕಡೆಯಿಂದ ಸದ್ದು ಬರುತ್ತೆ ಸ್ವಾಮಿ. ಕೊಂಬೆ ಕಡಿಸಿದ್ರೆ..."

"ಆ ಮರ ಮುಟ್ಟಿದ್ರೆ ಕೈ ಮುರೀತೀನಿ! ನೆರಳಿನ ಮರ ಅದು, ತಿಳೀತಾ?" ಬಾಗಿಲಿಗೆ ಬೀಗ ಜಡಿದು, ಕೊಡೆ, ಗಾಳ, ಟೋಪಿ ಎಲ್ಲ ಬಾಚಿಕೊಂಡು ದಾಪುಗಾಲು ಹಾಕುತ್ತ ಹೋದರು.

ಮೇಸ್ತ್ರಿ ತನ್ನ ಮನೆಯ ಕಡೆ ನೋಡಿದ. ಮನೆ ತೋಟದ್ದು. ಮಂಡಿನೋವಿನ ಹೆಂಡತಿಯನ್ನು ಕರೆದುಕೊಂಡು ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗುವುದು?

ಮೊದಲ ಅನುಮಾನ ಅಂಗಡಿಯವಳ ಮೇಲೆ. ಜನ ಬೇಗ ಬಂದಷ್ಟೂ ಅವಳಿಗೆ ವ್ಯಾಪಾರ. ಅಂಗಡಿಯೆದುರು ಕಾದು ನಿಂತ. ಅವಳು ಎರಡೂ ಕೈಯಲ್ಲಿ ಲೋಟ ತೊಳೆಯುತ್ತ ಅವನನ್ನೇ ಬೈಯುತ್ತಿದ್ದಾಗ ಸೀಟಿ ಮೊಳಗಿತು. ಆಮೇಲೆ ಆ ಅಜ್ಜಿಯನ್ನು ಹಿಂಬಾಲಿಸಿದ. ಅವಳು ಬಾಯಿ ಅಗಲಿಸಿ ತೋರಿಸಿದಳು. ಒಂದು ಹಲ್ಲೂ ಇರಲಿಲ್ಲ. "ಊದೋದಿರ್ಲಿ, ಅನ್ನ ನುಂಗೋದೇ ಕಷ್ಟ ಕಣಪ್ಪ."

ಗುರುವಾರ ದೊಡ್ಡ ಮರದ ಬುಡದಲ್ಲೇ ಅಡಗಿ ಕುಳಿತ. ತಲೆಯ ಮೇಲೇ ಮೂರು ಸಲ ಮೊಳಗಿತು. ಕತ್ತೆತ್ತಿದ. ಕೊಂಬೆಯ ಮೇಲೆ ಒಂದು ಮೈನಾ ಹಕ್ಕಿ, ಊದಿ ಸುಸ್ತಾದವರಂತೆ ಗರಿ ಸರಿಪಡಿಸಿಕೊಳ್ಳುತ್ತಿತ್ತು.

ಮರುದಿನ ಊಟದ ಹೊತ್ತಿಗೆ ಗಂಡ ಹೆಂಡತಿ ಇಬ್ಬರೂ ಮರದಡಿಗೆ ಹೋದರು. ಅನ್ನದ ಅಗುಳು ಚೆಲ್ಲಿದರು. ಹಕ್ಕಿ ಮುಖ ತಿರುಗಿಸಿತು. ಬಾಳೆಹಣ್ಣು ಇಟ್ಟರು, ಅದೂ ಬೇಡ. ಹೆಂಡತಿ ತಾನು ತಿನ್ನಲೆಂದು ಒಂದು ಬಿಸ್ಕತ್ತು ಮುರಿದದ್ದೇ ತಡ, ಸೊಂಯ್ಯನೆ ಇಳಿದು ಮೇಸ್ತ್ರಿಯ ಭುಜದ ಮೇಲೆ ಕೂತಿತು.

"ಕಾಡಲ್ಲಿ ಬಿಸ್ಕತ್ತು ಯಾವಾಗಿಂದ ಬೆಳೀತಿದೆ?" ಎಂದಳು ಅವಳು.

ಅದನ್ನೆಲ್ಲ ಕೇಳುವ ಪುರುಸೊತ್ತು ಮೇಸ್ತ್ರಿಗಿರಲಿಲ್ಲ. ಹಕ್ಕಿಯನ್ನು ಬುಟ್ಟಿಯಲ್ಲಿಟ್ಟು ಬಟ್ಟೆ ಕಟ್ಟಿ ಮ್ಯಾನೇಜರ ಬಳಿಗೆ ಹೊರಟವನನ್ನು ಅವಳು ತೋಳು ಹಿಡಿದು ನಿಲ್ಲಿಸಿದಳು.

"ಅವರ ಹತ್ರ ಬೇಡ ರೀ. ನಾಳೆ ಸಾಹುಕಾರರ ಮುಂದೇನೇ ಬಿಚ್ಚಿ. ಹೆಸರು ಬರೋದಾದ್ರೆ ದೊಡ್ಡವರೆದುರಿಗೇ ಬರ್ಲಿ."

ಅವಳು ನಗುತ್ತಿದ್ದಳು. ಗಂಡನ ಬಗ್ಗೆ ಹೆಮ್ಮೆ ಪಾಪ, ಅಂದುಕೊಂಡ ಮೇಸ್ತ್ರಿ.

ಅವತ್ತು ಸೀಟಿ ಸರಿಯಾದ ಹೊತ್ತಿಗೇ ಮೊಳಗಿತು. ಊರಿಗೆ ಊರೇ ಗೊಣಗಿತು. ಮ್ಯಾನೇಜರು ಎಲ್ಲರಿಗಿಂತ ಹೆಚ್ಚು.

ಶನಿವಾರ ಬೆಳಿಗ್ಗೆ ತೂಕದ ಮನೆಯಲ್ಲಿ ಸಾಹುಕಾರರು ಕುರ್ಚಿಯಲ್ಲಿ, ಮ್ಯಾನೇಜರು ಪಕ್ಕದಲ್ಲಿ. ಈಗಿನ ಆಳುಗಳಿಗೆ ನಿಯತ್ತೇ ಇಲ್ಲವೆಂದು ಮ್ಯಾನೇಜರು ವಿವರಿಸುತ್ತಿದ್ದಾಗ ಮೇಸ್ತ್ರಿ ಬುಟ್ಟಿಯೊಂದಿಗೆ ಒಳಬಂದ.

"ಕಳ್ಳನ್ನ ಹಿಡ್ಕೊಂಡು ಬಂದಿದ್ದೀನಿ ಸ್ವಾಮಿ." ಬಟ್ಟೆ ಬಿಚ್ಚಿದ.

ಮ್ಯಾನೇಜರ ಮುಖ ಬಿಳಿಚಿಕೊಂಡಿತು. "ಆಚೆ ಒಯ್ಯೋ ಅದನ್ನ! ಸಾಹುಕಾರರಿಗೆ ಹಕ್ಕಿ ಪಕ್ಕಿ ಆಗಲ್ಲ!"

"ಆಗುತ್ತೆ, ಇರಲಿ ಬಿಡ್ರಿ," ಎಂದರು ಸಾಹುಕಾರರು.

ಮೈನಾ ಬುಟ್ಟಿಯ ಅಂಚಿಗೆ ಹತ್ತಿತು. ಮೈ ಕೊಡವಿಕೊಂಡು ಮೂರು ಸಲ ಊದಿತು. ಕಿಟಕಿಯಾಚೆ ಗುಡ್ಡದ ತುಂಬ ಹೆಂಗಸರು ಬೆಳಬೆಳಿಗ್ಗೆಯೇ ಬುಟ್ಟಿ ಹೊತ್ತು ಮನೆಗೆ ಹೊರಟರು.

ಸಾಹುಕಾರರು ಹೊಟ್ಟೆ ಹಿಡಿದು ನಕ್ಕರು. "ಭಲೇ! ಇದಕ್ಕೆ ಕಲಿಸಿದವರು ಯಾರೋ?"

"ಇನ್ನಾರು, ಇವನೇ!" ಮ್ಯಾನೇಜರು ಬಾಯಿ ಹಾಕಿದರು. "ಸೀಟಿ ಇರೋದು ಇವನ ಹತ್ರ. ಇವತ್ತೇ ಮನೆ ಖಾಲಿ ಮಾಡಿಸ್ತೀನಿ."

"ಅಲ್ಲ ಸ್ವಾಮಿ, ನಾನಲ್ಲ!" ಮೇಸ್ತ್ರಿ ಕೈಮುಗಿದ.

ಅಷ್ಟರಲ್ಲಿ ಹಕ್ಕಿ ಹಾರಿ ಮ್ಯಾನೇಜರ ಭುಜದ ಮೇಲೆ ಕೂತು, ಅವರ ಅಂಗಿಯ ಜೇಬನ್ನು ಕುಕ್ಕಿ, ಅವರದೇ ದನಿಯಲ್ಲಿ ಮುದ್ದುಗರೆಯಿತು:

"ಮೂರು ಸಲ ಊದು ಕಂದಾ, ಬಿಸ್ಕತ್ತು ಕೊಡ್ತೀನಿ. ಕತ್ತಲಾದ್ರೆ ಮೀನು ಕಚ್ಚಲ್ಲ, ತಿಳೀತಾ?"