ಹೊಸ ರೇಡಿಯೋದ ಚಟಪಟ

ರೇಡಿಯೋ ಮತ್ತೆ ಚಟ್ ಅಂದಿತು. ಹೂವಪ್ಪ ತುಂಟ ಹುಡುಗನ ಕಿವಿ ಹಿಂಡುವ ಹಾಗೆ ಅದರ ಗುಂಡಿ ತಿರುಪಿದ. ಚಟ್, ಪಟ್, ಚಟಪಟ. ನಿನ್ನೆ ಸಾಗರದಲ್ಲಿ ಕೊಂಡು, ಹಿನ್ನೀರು ದಾಟುವ ಲಾಂಚಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದ ಹೊಸ ಪೆಟ್ಟಿಗೆ. ಅಂಗಡಿಯಲ್ಲಿ ಜೇನಿನ ಹಾಗೆ ಹಾಡಿತ್ತು. ತುಮರಿಯ ಈ ಜಗಲಿಗೆ ಬಂದದ್ದೇ ತಡ, ಪ್ರತಿ ಹಾಡಿನ ನಡುವೆ ಅರಳು ಸಿಡಿಯತೊಡಗಿತ್ತು.

"ಎಂತ ತುಂಗಕ್ಕಾ, ನಿಮ್ಮ ಸೊಸೆ ಹಾಡೋಕೆ ಮೊದ್ಲೇ ಪೆಟ್ಟಿಗೆ ಕಡ್ಲೆ ಹುರಿಯೋಕೆ ಕೂತೈತಲ್ಲ!" ಪಕ್ಕದ ಮನೆಯ ಕೆರಿಯಮ್ಮ ಎಲೆಗೆ ಸುಣ್ಣ ಹಚ್ಚುತ್ತ ಕೇಳಿದಳು.

ತುಂಗಮ್ಮ ಅಕ್ಕಿ ಆರಿಸುತ್ತಿದ್ದ ಮೊರದಿಂದ ತಲೆ ಎತ್ತಲಿಲ್ಲ. ಆದರೆ ಮಾತು ನಾಟಿತು. ಊರಿಗೆಲ್ಲ ಹೇಳಿಕೊಂಡು ಬಂದವಳು ಅವಳೇ. ಭದ್ರಾವತಿ ರೇಡಿಯೋದವರು ಸಾಗರಕ್ಕೆ ಬಂದು ಹೆಂಗಸರ ಗದ್ದೆನಾಟಿ ಹಾಡುಗಳನ್ನು ಟೇಪಿನಲ್ಲಿ ಹಿಡಿದುಕೊಂಡು ಹೋಗಿದ್ದರು. ಅದರಲ್ಲಿ ಸೊಸೆ ಶರಾವತಿಯದೂ ಒಂದು. ತುಂಗಮ್ಮನ ತಾಯಿಯ ಹಾಡು, ತುಂಗಮ್ಮ ಕಲಿಸಿದ್ದು. ಇವತ್ತು ಮಧ್ಯಾಹ್ನ ಊಟದ ಹೊತ್ತಿಗೆ ಅದು ಬರಬೇಕು. ಅದನ್ನು ಕೇಳುವುದಕ್ಕೆಂದೇ ಈ ರೇಡಿಯೋ. ತಪ್ಪಿದರೆ ಮತ್ತೊಮ್ಮೆ ಹಾಕುತ್ತಾರೋ ಇಲ್ಲವೋ, ಯಾರಿಗೆ ಗೊತ್ತು?

ಹೂವಪ್ಪ ಟಾರ್ಚಿನ ಶೆಲ್ ಬಿಚ್ಚಿ ಇದಕ್ಕೆ ಹಾಕಿದ. ಚಟ್. ಏರಿಯಲ್ ಕಡ್ಡಿಯನ್ನು ಉದ್ದಕ್ಕೆ ಎಳೆದು ಕಿಟಕಿಯಾಚೆ ಚಾಚಿದ. ಪಟ್. ಬೆಂಗಳೂರು ಹಾಕಿದರೂ ಅದೇ, ಸಿಲೋನ್ ಹಾಕಿದರೂ ಅದೇ.

"ಒಳಗೆ ಎಂತೋ ಲೂಸಾಗೈತೆ. ಈಗಿನ ಲಾಂಚಿಗೆ ಹೋಗಿ ಅಂಗಡೀಲಿ ತೋರಿಸ್ಕೊಂಡು ಬರ್ತೀನಿ."

"ನೀನು ಬರೋದು ಸಂಜೆ. ಅಷ್ಟೊತ್ತಿಗೆ ಹಾಡು ಮುಗಿದಿರ್ತದಲ್ಲ ಮಾರಾಯ," ಎಂದಳು ಕೆರಿಯಮ್ಮ.

"ಮತ್ತೆ ಈ ಚಟಪಟದಲ್ಲಿ ಕೇಳ್ತೀರಾ? ಇದ್ದ ಮರ್ಯಾದೆನೂ ಹೋಗ್ತದೆ."

ಬಾಗಿಲಲ್ಲಿ ನಿಂತಿದ್ದ ಶರಾವತಿ, "ಹೋಗ್ಲಿ ಬಿಡಿ, ನಂದೆಂಥ ದೊಡ್ಡ ಹಾಡು," ಅಂದಳು. ಬಾಯಿ ಹಾಗೆ ಹೇಳಿತು. ಆದರೆ ಬೆಳಿಗ್ಗೆಯಿಂದ ಅವಳು ಒಲೆ ಮೇಲೆ ಇಟ್ಟದ್ದೆಲ್ಲ ತಳ ಹಿಡಿದಿತ್ತು.

ತುಂಗಮ್ಮನ ಕೈ ನಿಂತಿತು. "ಹೂವಾ, ತಡಿ. ಸದ್ದು ತಗ್ಗಿಸು." ತಗ್ಗಿಸಿದ. ಸಿಡಿತ ನಿಂತಿತು. "ಈಗ ಏರಿಸು." ಏರಿಸಿದ. ಕೊಳಲು ಬಂದಾಗ ಸುಮ್ಮನಿದ್ದದ್ದು ಡೋಲು ಬಿದ್ದ ಕೂಡಲೇ ಕುಣಿಯಿತು. ಅವಳು ಮೊರವನ್ನೊಮ್ಮೆ ಮೆಲ್ಲಗೆ ಕೊಡವಿದಳು. ಅಕ್ಕಿ ಮೇಲೆದ್ದು ಬಿತ್ತು. ಅದೇ ಸದ್ದು. ಚಟ್, ಪಟ್. ಇನ್ನೊಮ್ಮೆ ಕೊಡವಿ ಕಿವಿಗೊಟ್ಟಳು. ಅವಳ ಮುಖ ಬಿಸಿಯಾಯಿತು.

ನಿನ್ನೆ ಸಂಜೆ ಮಗ ಸ್ನಾನಕ್ಕೆ ಹೋದಾಗ ಅವಳು ಪೆಟ್ಟಿಗೆಯನ್ನು ಮಣೆಯ ಮೇಲೆ ಅಂಗಾತ ಮಲಗಿಸಿ ಪೂಜೆ ಮಾಡಿದ್ದಳು. ನೇಗಿಲಾಗಲಿ ಹೊಲಿಗೆ ಮಿಷನ್ನಾಗಲಿ, ಹೊಸದಾಗಿ ಬಂದದ್ದನ್ನು ಹಾಗೇ ಒಳಗೆ ಸೇರಿಸಿಕೊಂಡ ಮನೆಯಲ್ಲ ಅದು. ಅರಿಶಿನ, ಕುಂಕುಮ, ಹೂವು, ಕೊನೆಗೆ ಸೊಸೆಯ ಹೆಸರು ಹೇಳಿಕೊಂಡು ಹಿಡಿ ತುಂಬ ಅಕ್ಷತೆ. ಮಗ ಬೈದಾನೆಂದು ಆಮೇಲೆ ಎಲ್ಲ ಒರೆಸಿಟ್ಟಿದ್ದಳು. ಹಾಕಿದಷ್ಟು ಅಕ್ಷತೆ ಒರೆಸುವಾಗ ಸಿಗಲಿಲ್ಲವಲ್ಲ ಎಂದು ಆಗಲೇ ಅನ್ನಿಸಿತ್ತು.

"ಅದನ್ನ ಇಲ್ಲಿ ಕೊಡು."

"ಎಂತಕ್ಕೆ?"

"ಬೋರಲು ಹಾಕ್ಬೇಕು."

"ಅವ್ವಾ! ಅದೇನು ತೊಳೆದಿಟ್ಟ ಪಾತ್ರೆಯಾ, ಬೋರಲು ಹಾಕೋಕೆ? ಗ್ಯಾರಂಟಿ ಹೋಗ್ತದೆ!"

"ಗ್ಯಾರಂಟಿ ಅಂಗಡಿಯೋನು ಕೊಟ್ಟಿದ್ದು. ಅಕ್ಷತೆ ನಾನು ಕೊಟ್ಟಿದ್ದು. ಅದು ಒಳಗೈತೆ."

ಕೆರಿಯಮ್ಮ ನಕ್ಕು ನಕ್ಕು ಕೆಮ್ಮಿದಳು. "ಅಯ್ಯಯ್ಯೋ ತುಂಗಕ್ಕಾ, ರೇಡಿಯೋಕ್ಕೂ ಅಕ್ಕಿ ಉಣಿಸಿಬಿಟ್ರಾ!"

ತುಂಗಮ್ಮ ಮೊರದ ಅಕ್ಕಿಯನ್ನು ಪಾತ್ರೆಗೆ ಸುರಿದಳು. ಪೆಟ್ಟಿಗೆಯ ಜಾಲರಿ ಮುಖವನ್ನು ಕೆಳಗೆ ಮಾಡಿ ಮೊರದ ಮೇಲೆ ಹಿಡಿದು, ಹಾಲು ಕುಡಿದ ಮಗುವಿಗೆ ತಟ್ಟುವ ಹಾಗೆ ಬೆನ್ನು ತಟ್ಟಿದಳು. ಏನೂ ಬೀಳಲಿಲ್ಲ. ತುಸು ವಾಲಿಸಿ ಮತ್ತೆ ತಟ್ಟಿದಳು. ಅವಸರವೇ ಇಲ್ಲ. ಒಂದು ಹಳದಿ ಕಾಳು ಮೊರಕ್ಕೆ ಬಿತ್ತು. ಹೂವಪ್ಪ ಬಗ್ಗಿದ. ಇನ್ನೊಂದು ಬಿತ್ತು. ಆಮೇಲೆ ಒಂದರ ಹಿಂದೊಂದು ಉದುರಿದವು, ಕೊನೆಗೆ ಬಾಡಿದ ಕನಕಾಂಬರದ ಒಂದು ಎಸಳು.

ಪೆಟ್ಟಿಗೆಯನ್ನು ನೆಟ್ಟಗೆ ಕೂರಿಸಿ ಹೂವಪ್ಪ ಗುಂಡಿ ತಿರುಪಿದ. ಹಾಡಿದವರ ಹೆಸರು ಹೇಳುವ ಹೊತ್ತೇ ಆಗಿತ್ತು. "...ಸಾಗರ ತಾಲ್ಲೂಕು ತುಮರಿಯ ಶರಾವತಿ ಮತ್ತು ಸಂಗಡಿಗರು." ಆಮೇಲೆ ಹಾಡು. ಒಂದು ಕಾಳೂ ಸಿಡಿಯದ, ಕೆಸರಲ್ಲಿ ಕಾಲೂರಿ ನಿಂತು ಹಾಡುವವಳ ತುಂಬು ದನಿ. ಕೆರಿಯಮ್ಮ ಒಮ್ಮೆ ಪೆಟ್ಟಿಗೆ ನೋಡಿದಳು, ಒಮ್ಮೆ ಶರಾವತಿಯ ಮುಚ್ಚಿದ ಬಾಯಿ ನೋಡಿದಳು. ಬಾಯಲ್ಲಿದ್ದ ಎಲೆ ಅಗಿಯುವುದನ್ನೇ ಮರೆತಳು. ಸಾಲಿನ ಕೊನೆಗೆ ದನಿ ಎಳೆದು, ತುಸು ನಡುಗಿಸಿ ಇಳಿಸುವ ಆ ಜಾಗ ಬಂದಾಗ ತುಂಗಮ್ಮನಿಗೆ ತನ್ನ ತಾಯಿಯ ಗಂಟಲು ಕೇಳಿಸಿತು. ಬಗ್ಗಿದ್ದ ಅವಳ ಬೆನ್ನು ತಾನಾಗಿ ನೆಟ್ಟಗಾಯಿತು.

ಹಾಡು ಮುಗಿಯಿತು. ಹೂವಪ್ಪ ಮೊರ ಎತ್ತಿದ.

"ಇದನ್ನ ಕೋಳಿಗೆ ಹಾಕ್ಲಾ ಅವ್ವಾ?"

"ಇಲ್ಲಿ ತಾ."

ತುಂಗಮ್ಮ ಕಾಳುಗಳನ್ನೆಲ್ಲ ಬಳಿದು ಮುಷ್ಟಿ ಮಾಡಿಕೊಂಡು ಎದ್ದಳು. "ಬಾ ಹೆಣ್ಣೆ, ಇಲ್ಲಿ ಬಂದು ಬಗ್ಗು. ನಿನ್ನೆ ಯಾರಿಗೆ ಹಾಕ್ಬೇಕು ಅಂತ ನಂಗೆ ಗೊತ್ತಾಗ್ಲಿಲ್ಲ."

ಅಕ್ಷತೆ ಶರಾವತಿಯ ಬಗ್ಗಿಸಿದ ತಲೆಯ ಮೇಲೆ ಬಿತ್ತು. ಈ ಸಲ ಸದ್ದೇ ಆಗಲಿಲ್ಲ.