ಯಾರೂ ಸಾಯದ ಧಾರಾವಾಹಿ

ನಗ್ಮಾ ಟಿವಿಯ ಸದ್ದನ್ನು ಇನ್ನಷ್ಟು ಏರಿಸಿದಳು. ಪಕ್ಕದ ಮನೆಯಲ್ಲಿ ಮಕ್ತುಂಬೀ ಅಳುತ್ತಿದ್ದಳು. ಅವಳಿಗೆ ಯಾರು ಹೇಳಿದರೋ. ಆ ಅಳು ಗೋಡೆ ದಾಟಿ ಅತ್ತೆಯ ಕಿವಿಗೆ ಬೀಳಬಾರದಿತ್ತು.

ಅರ್ಧ ಗಂಟೆಯ ಹಿಂದೆ ಅವಳು ಗಂಡನ ನಂಬರಿಗೆ ಫೋನ್ ಮಾಡಿದ್ದಳು. ಎತ್ತಿದವನು ಜಾವೀದ್ ಅಲ್ಲ, ಮೈದುನ ಅಸದ್. ಅವನೂ ಮಾವ ಇಮಾಮ್‌ಸಾಬರೂ ಲಿಂಗಸುಗೂರಿನ ಆಸ್ಪತ್ರೆಯಲ್ಲೇ ಇದ್ದರು. ಕಾಮಾಲೆ ಜಾವೀದನನ್ನು ಉಳಿಸಲಿಲ್ಲ. ಸುಳ್ಳು ಹೇಳಲು ಬಾರದೆ ಅಸದ್ ಅತ್ತೇಬಿಟ್ಟ.

"ಭಾಭಿ, ಅಮ್ಮಿಗೆ ಈಗ ಹೇಳಬ್ಯಾಡ್ರಿ. ಅಕಿ ಎದಿ ತಡಿಯಂಗಿಲ್ಲ. ನಾವು ಮಸ್ಕಿಗೆ ಬರೂತನಕ ಹೆಂಗರ ಸಂಭಾಳಿಸ್ರಿ."

ನಗ್ಮಾ ಏಳು ತಿಂಗಳ ಬಸುರಿ. ಗಂಡನಿಗಾಗಿ ಅಳುವುದಕ್ಕೂ ಇಲ್ಲದಂತಾಯಿತು. ಸಾವಿನ ಮನೆಯಲ್ಲಿ ಟಿವಿ ಹಚ್ಚುವುದಿಲ್ಲ, ಒಲೆ ಹೊತ್ತಿಸುವುದಿಲ್ಲ. ಎರಡನ್ನೂ ಹಚ್ಚಿದರೆ ಮುದುಕಿಗೆ ಅನುಮಾನ ಬರದು. ಅಷ್ಟೇ ಅವಳಿಗೆ ಹೊಳೆದದ್ದು.

"ಅಮ್ಮಿ, ಈ ಸೀರಿಯಲ್ ನೋಡ್ರಿ. ಚಿಂತಿ ಇದ್ದಾಗ ಭಾಳ ಧೈರ್ಯ ಕೊಡತೈತಿ. ನಾಕು ಮಂದಿ ಹೆಂಗಸರು ಖಾನಾವಳಿ ನಡಸ್ತಾರ. ಏನ್ ಬಂದ್ರೂ ನಕ್ಕೋತ ಇರ್ತಾರ. ಇದರಾಗ ಯಾರೂ ಸಾಯಂಗಿಲ್ಲ."

ಸೀರಿಯಲ್ ಎಂದರೆ ಮೂಗು ಮುರಿಯುವ ಶಂಶಾದ್‌ಬೀ ಇಂದು ಮರುಮಾತಾಡದೆ ಬಂದು ಸೊಸೆಗೆ ಆತು ಕೂತಳು. "ಹಂಗಾದ್ರ ನೋಡೂನು ಬೇಟಾ. ಮದಲ ನೀ ಎರಡು ತುತ್ತು ತಿನ್ನು."

ನಸುಕಿನಲ್ಲೇ ಬಡಿದಿಟ್ಟ ರೊಟ್ಟಿ. ನಗ್ಮಾ ಹೇಗೋ ನುಂಗಿ, ಚಹಾ ಇಡಲು ಎದ್ದಳು. ಅತ್ತೆ ಕೈ ಹಿಡಿದು ಕೂರಿಸಿದಳು.

"ಗ್ಯಾಸ್ ಖಾಲಿ ಆಗೈತಿ. ಕುಂದರು."

ಟಿವಿಯಲ್ಲಿ ಒಬ್ಬಳು ಹುಗ್ಗಿ ಸೀಯಿಸಿದಳು. ಉಳಿದವರೆಲ್ಲ ನಕ್ಕರು. ಶಂಶಾದ್‌ಬೀಯೂ ನಕ್ಕಳು, ತುಸು ತಡವಾಗಿ. ಅವಳ ಕನ್ನಡಕ ಕಿಟಕಿಯಲ್ಲೇ ಇತ್ತು. ಅದಿಲ್ಲದೆ ಅವಳಿಗೆ ಎದುರಿನವರ ಮುಖವೂ ಕಾಣದು. ಏನೂ ಅರಿಯದ ಈ ಜೀವಕ್ಕೆ ಇನ್ನು ಸ್ವಲ್ಪ ಹೊತ್ತಿಗೆ ಏನು ಕಾದಿದೆಯೋ ಎಂದು ನಗ್ಮಾ ಅಂದುಕೊಂಡಳು. ಅವಳು ಸೆರಗಿನ ತುದಿ ಕಚ್ಚಿಕೊಂಡು ಕೂತಳು.

ಬಾಗಿಲ ಮುಂದೆ ಗಾಡಿ ನಿಂತಿತು. ಮಾವನ ಕೆಮ್ಮು ಕೇಳಿತು.

ನಗ್ಮಾ ರಿಮೋಟಿಗೆ ಕೈ ಚಾಚಿದಳು. ಅದು ಕೈಜಾರಿ ಕೆಳಗೆ ಬಿತ್ತು.

ಶಂಶಾದ್‌ಬೀ ಬಗ್ಗಿ ರಿಮೋಟು ಎತ್ತಿಕೊಂಡು ಟಿವಿ ಬಂದ್ ಮಾಡಿದಳು. ಸೊಸೆಯ ಹೊಟ್ಟೆಯ ಮೇಲೆ ಕೈಯಿಟ್ಟಳು.

"ನಿಮ್ಮ ಮಾವ ಅಸದ್‌ಗೂ ಹೇಳ್ದಂಗ ಮುಂಜಾನೆನೇ ನನಗ ಫೋನ್ ಮಾಡಿದ್ರು. ಗ್ಯಾಸ್ ಖಾಲಿ ಆಗಿಲ್ಲ ಬೇಟಾ."