ಅಳು ನಿಲ್ಲಿಸುವ ಟೀಚರ್

ಹೊಸ್ತಿಲು ಎಡವಿ ಬಿದ್ದ ಮಗುವಿನ ತುಟಿ ಒಡೆದು ರಕ್ತ ಬಂತು. ಅದು ಎರಡೂ ಕೈ ಚಾಚಿ ಅಳುತ್ತಾ ಟೀಚರಾಗಿದ್ದ ಅಮ್ಮನ ಕಡೆ ಓಡಿಬಂತು. ಸೂಟ್‌ಕೇಸಿಗೆ ಬಟ್ಟೆ ಜೋಡಿಸುತ್ತಿದ್ದ ಟೀಚರ್ ಕೂತಲ್ಲಿಂದ ಏಳಲಿಲ್ಲ. "ದೊಡ್ಡಮ್ಮನ ಹತ್ರ ಹೋಗು ಪುಟ್ಟಿ," ಎಂದು ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು.

ಅಡುಗೆಮನೆಯಿಂದ ಧಾವಿಸಿ ಬಂದ ಅಕ್ಕ ಮಗುವನ್ನು ಎತ್ತಿಕೊಂಡು ಒದ್ದೆ ಬಟ್ಟೆಯಿಂದ ತುಟಿ ಒರೆಸಿದಳು. "ರಕ್ತ ಬರ್ತಿದೆ ಕಣೇ. ಇವತ್ತೊಂದಿನ ನೀನು ಎತ್ಕೊಂಡ್ರೆ ಏನಾಗತ್ತೆ?"

"ಇವತ್ತು ಎತ್ಕೊಂಡ್ರೆ ಇಷ್ಟು ದಿನ ಮಾಡಿದ್ದೆಲ್ಲ ನೀರಲ್ಲಿ ಹೋಮ," ಎಂದಳು ಟೀಚರ್.

ಅವಳು ಒಂದನೇ ತರಗತಿಯ ಟೀಚರ್. ಶಾಲೆ ತೆರೆಯುವ ವಾರ ಗೇಟಿನ ಬಳಿ ಗಂಟಲು ಹರಿಯುವಂತೆ ಅರಚುವ ಮಕ್ಕಳನ್ನು ಸುಮ್ಮನಾಗಿಸುವುದರಲ್ಲಿ ಅವಳನ್ನು ಬಿಟ್ಟರಿಲ್ಲ. ಅವಳ ಉಪಾಯದಲ್ಲಿ ಮಂತ್ರವೂ ಇಲ್ಲ, ಮಿಠಾಯಿಯೂ ಇಲ್ಲ: ತಾಯಿ ಕಣ್ಣಿಗೆ ಬೀಳಕೂಡದು, ಬೇರೊಂದು ಮಡಿಲು ತಕ್ಷಣ ಸಿಗಬೇಕು, ಅಷ್ಟೇ. ಕಿಟಕಿಯಲ್ಲಿ ಇಣುಕುತ್ತಾ, ಇನ್ನೊಂದೇ ಒಂದು ಸಲ ನೋಡಿಕೊಂಡು ಹೋಗುತ್ತೇನೆಂದು ಗೋಗರೆಯುವ ತಾಯಂದಿರನ್ನು ಅವಳು ಮುಲಾಜಿಲ್ಲದೆ ಗದರಿಸಿ ಓಡಿಸುತ್ತಿದ್ದಳು. ಹೀಗೆ ಮಾಡಿದ ಮೇಲೂ ಹೊಂದಿಕೊಳ್ಳದ ಮಗುವನ್ನು ಅವಳು ಈವರೆಗೆ ಕಂಡಿರಲಿಲ್ಲ.

ಈಗ ಗಲ್ಫಿನ ಶಾಲೆಯೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಅಲ್ಲಿ ಕೊಡುವುದು ಒಂಟಿ ಹೆಂಗಸರ ವಸತಿ, ಮಕ್ಕಳಿಗೆ ಜಾಗವಿಲ್ಲ. ಗಂಡ ತೀರಿಕೊಂಡ ಮೇಲೆ ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿದ್ದವಳು, ಅಕ್ಕ ಎಷ್ಟೇ ಒಳ್ಳೆಯವಳಾದರೂ ಹಂಗು ಹಂಗೇ ಎಂಬುದನ್ನು ಕಂಡುಕೊಂಡಿದ್ದಳು. ಮಗಳಿಗೊಂದು ಸ್ವಂತ ಸೂರಾಗಲಿ ಎಂದು ಒಪ್ಪಿಕೊಂಡಳು. ಆದರೆ ಸಂದರ್ಶನಕ್ಕೆಂದು ಬೇರೆ ಊರಿಗೆ ಹೋಗಿಬರುವಷ್ಟರಲ್ಲಿ, ಇನ್ನೂ ಮೂರು ತುಂಬದ ಮಗು ಅತ್ತೂ ಅತ್ತೂ ಜ್ವರ ಹಿಡಿಸಿಕೊಂಡಿತ್ತು. ತಾನು ವಿಮಾನ ಹತ್ತುವ ಮೊದಲೇ ಮಗಳು ತನ್ನನ್ನು ಬಿಟ್ಟಿರಲು ಕಲಿಯಬೇಕು ಎಂದು ಅವಳು ಅಂದೇ ತೀರ್ಮಾನಿಸಿದಳು. ಉಣಿಸುವುದು, ಸ್ನಾನ ಮಾಡಿಸುವುದು, ಮಲಗಿಸುವುದು, ಬಿದ್ದರೆ ಎತ್ತಿಕೊಳ್ಳುವುದು ಎಲ್ಲ ಇನ್ನು ಅಕ್ಕನ ಪಾಲಿಗೆ. ಮಕ್ಕಳಿಲ್ಲದ ಅಕ್ಕ ಮೊದಮೊದಲು ಹಿಂಜರಿದಳು, ಆಮೇಲೆ ಹಿಂಜರಿಯುವುದನ್ನು ಬಿಟ್ಟಳು.

ಹೇಳಿಕೊಟ್ಟಷ್ಟು ಸುಲಭವಾಗಿರಲಿಲ್ಲ ಮಾಡುವುದು. ಪಕ್ಕದ ಕೋಣೆಯಲ್ಲಿ ಮಗು ಉಣ್ಣುವುದನ್ನು ಟೀಚರ್ ಒಮ್ಮೆ ಬಾಗಿಲ ಸಂದಿಯಿಂದ ನೋಡುತ್ತಿದ್ದಾಗ ಅಕ್ಕ ಹಿಡಿದುಬಿಟ್ಟಳು. "ನಡಿ ನಡಿ, ಮಿಸ್ ಬೈತಾರೆ," ಎಂದು ತಮಾಷೆಯನ್ನೂ ಮಾಡಿದಳು. ಟೀಚರಿಗೆ ನಗು ಬರಲಿಲ್ಲ.

ಮಗು ಮಾತ್ರ ಜಾಣೆ. ಒಂದು ಮಧ್ಯಾಹ್ನ ಕುರ್ಚಿಯಿಂದ ಜಾರಿ ಬಿದ್ದಾಗ ಟೀಚರ್ ಎದುರಿಗೇ ನಿಂತಿದ್ದಳು. ಮಗು ಅವಳತ್ತ ತಿರುಗಿಯೂ ನೋಡದೆ, ಅವಳ ಪಕ್ಕದಿಂದ ನುಸುಳಿ ಅಡುಗೆಮನೆಗೆ ಓಡಿತು. ಗೆದ್ದೆ ಎಂದುಕೊಳ್ಳಬೇಕಾದವಳು ಗೋಡೆ ಹಿಡಿದು ಕೂತಳು.

ಗಲ್ಫಿನ ಕೆಲಸ ಕೊಡಿಸಿದ್ದ ಏಜೆಂಟನ ಫೋನು ಬಂದದ್ದು ಆ ವಾರವೇ. ಅವನು ಮೊದಲು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಏನೇನೋ ಮಾತಾಡಿದ. ಒತ್ತಾಯಿಸಿ ಕೇಳಿದ ಮೇಲೆ, ಆ ಶಾಲೆಯವರು ಈ ವರ್ಷ ಹೊಸ ತರಗತಿ ತೆರೆಯುವುದಿಲ್ಲವಂತೆ, ಕೆಲಸ ಇಲ್ಲ, ಮುಂದೆ ನೋಡೋಣ ಎಂದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ದುಃಖವಾಗಬೇಕಿತ್ತು, ಅವಳಿಗಾದದ್ದು ಸಂತೋಷ. ಫೋನನ್ನು ಹಾಸಿಗೆಯ ಮೇಲೆ ಎಸೆದು ಹೊರಗೋಡಿ, ಅಂಗಳದಲ್ಲಿ ಆಡುತ್ತಿದ್ದ ಮಗುವನ್ನು ಬಾಚಿ ತಬ್ಬಿಕೊಂಡಳು. ಅಮ್ಮ ಎಲ್ಲಿಗೂ ಹೋಗುವುದಿಲ್ಲ ಎಂದು ಅದರ ಕಿವಿಯಲ್ಲಿ ಹೇಳಿದಳು.

ಮಗು ಕಿರುಚಿತು. ಗೇಟಿನ ಬಳಿ ಮಕ್ಕಳು ಕಿರುಚುತ್ತಾರಲ್ಲ, ಹಾಗೆ. ಅವಳ ಎದೆಗೆ ಕೈಕೊಟ್ಟು ನೂಕಿ, ದೊಡ್ಡಮ್ಮ ಬರುವವರೆಗೂ ಅಳು ನಿಲ್ಲಿಸಲಿಲ್ಲ. ಅವಳು ತುತ್ತು ಹಿಡಿದರೆ ಬಾಯಿ ಬಿಗಿದುಕೊಂಡಿತು, ಪಕ್ಕದಲ್ಲಿ ಮಲಗಿಸಿಕೊಂಡರೆ ಎದ್ದು ಅಕ್ಕನ ಕೋಣೆಯ ಬಾಗಿಲು ಬಡಿಯಿತು. ಊರ ಮಕ್ಕಳ ಅಳು ನಿಲ್ಲಿಸಿದವಳಿಗೆ ತನ್ನ ಮಗುವಿನ ಅಳು ನಿಲ್ಲಿಸಲು ಬರಲಿಲ್ಲ. ಎಷ್ಟು ದಿನ ಕಳೆದರೂ ಹಾಗೇ.

ಕೊನೆಗೊಂದು ಸಂಜೆ ಅವಳು ಅಕ್ಕನ ಮುಂದೆ ಬಂದು ನಿಂತಳು. ಮಗು ಅಕ್ಕನ ಹೆಗಲ ಮೇಲೆ ಕಣ್ಣು ಮುಚ್ಚಿಕೊಂಡಿತ್ತು.

"ಅಕ್ಕಾ, ನನಗೆ ಗೊತ್ತಿರೋದು ಒಂದೇ ದಾರಿ," ಎಂದಳು ಟೀಚರ್, ತಲೆ ಎತ್ತದೆ. "ಸ್ವಲ್ಪ ದಿನ ನೀನು ಅವಳ ಕಣ್ಣಿಗೆ ಬೀಳ್ಬಾರದು."

ಅಕ್ಕನಿಗೆ ಸಿಟ್ಟು ಬರಲಿಲ್ಲ. ಮಗುವಿನ ಬೆನ್ನು ತಟ್ಟುತ್ತಿದ್ದ ಕೈಯೂ ನಿಲ್ಲಲಿಲ್ಲ. ತನ್ನ ಮನೆಯಲ್ಲೆಲ್ಲ ಒಮ್ಮೆ ಕಣ್ಣಾಡಿಸಿ, ಮಗುವಿಗೆ ಎಚ್ಚರವಾಗದಂತೆ ಮೆಲ್ಲಗೆ ಕೇಳಿದಳು:

"ಆಗಲಿ ಕಣೇ. ನಾನ್ಯಾವ ದೇಶಕ್ಕೆ ಹೋಗ್ಲಿ, ಹೇಳು."